ಬಿಟ್ಟಿಗೂ ಒಂದು ಲೆಕ್ಕ



ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಆ ಜಾತ್ರೆಯ ಪೇಟೆಗೆ ಎರಡು ಬಗೆಯ ಗಿರಾಕಿಗಳು ಬರುತ್ತಾರೆ. ಮೊದಲ ದಿನಗಳಲ್ಲಿಯೇ ಬಂದು ಬೇಕಾದ್ದನ್ನು ಕೊಂಡು ಮನೆಗೆ ಹೋಗುವವರು ಒಂದು ಬಗೆ. ಅಂಗಡಿಯವರು ಗಂಟು ಕಟ್ಟುವ ಹೊತ್ತಿನವರೆಗೆ ಕಾದಿದ್ದು, ಬೆಲೆ ಇಳಿದ ಮೇಲೆ ಬರುವವರು ಇನ್ನೊಂದು ಬಗೆ. ನಾನು ಎರಡನೆಯ ಗುಂಪಿನವನು. ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದಾಗ ಹೀಗೆಯೇ ಕೊನೆಯ ದಿನ ಹೋಗಿ, 120 ರೂಪಾಯಿ ಎಂದು ಬರೆದಿದ್ದ ಒಂದು ಕ್ಯಾಲ್ಕುಲೇಟರನ್ನು 60 ರೂಪಾಯಿಗೆ ಕೊಂಡೆ. ಅರ್ಧಕ್ಕರ್ಧ ಉಳಿಸಿದೆನೆಂಬ ಸಂತೋಷದಲ್ಲಿ ದಾರಿಯಲ್ಲಿ ಸಿಕ್ಕವರಿಗೆಲ್ಲ ಅದನ್ನು ತೋರಿಸಿದೆ.

ಒಂದು ತಿಂಗಳಾಗುವಷ್ಟರಲ್ಲಿ ಅದರ ಎಂಟರ ಗುಂಡಿಗೆ ಏನೋ ಆಯಿತು. ಒಮ್ಮೆ ಒತ್ತಿದರೆ ಕೆಲವು ಸಲ ಎರಡು ಎಂಟು ಬೀಳುತ್ತಿದ್ದವು. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಲೋಲಕ ತೂಗಿಬಿಟ್ಟು ಗುರುತ್ವದ ಬೆಲೆ ಕಂಡುಹಿಡಿಯುವ ಪ್ರಯೋಗ ನಡೆದಿತ್ತು. 9.8ರ ಹತ್ತಿರ ಬರಬೇಕಾದ ಉತ್ತರ ನನ್ನ ಪುಸ್ತಕದಲ್ಲಿ ಏನೇನೋ ಆಗಿ ಬಂತು. ಕಡೆಗೆ 180 ರೂಪಾಯಿ ಕೊಟ್ಟು ಒಳ್ಳೆಯದೊಂದನ್ನು ಕೊಂಡೆ. ಒಟ್ಟು ಖರ್ಚು 240 ರೂಪಾಯಿ. ಉಳಿಸಿದೆನೆಂದು ತಿಳಿದಿದ್ದ ಆ ಅರವತ್ತೇ ನಾನು ಕಳೆದುಕೊಂಡ ಅರವತ್ತಾಗಿತ್ತು.

ಈ ಕತೆಯನ್ನು ಹೇಳಿದ್ದು ರಿಯಾಯಿತಿಯ ವಸ್ತು ಕೊಳ್ಳಬೇಡಿ ಎನ್ನುವುದಕ್ಕಲ್ಲ. ನಾನು ಇಂದಿಗೂ ಕೊಳ್ಳುತ್ತೇನೆ. ಉಚಿತವಾಗಿ ಸಿಗುವುದನ್ನು ಹುಡುಕಿಕೊಂಡು ಹೋಗುವುದರಲ್ಲಿ ನನಗೆ ನಾಚಿಕೆಯಿಲ್ಲ, ನಿಮಗೂ ಇರಬೇಕಾಗಿಲ್ಲ. ಆದರೆ ವಿಜ್ಞಾನ ಓದಿದವನಾದ್ದರಿಂದ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಶಕ್ತಿ ಶೂನ್ಯದಿಂದ ಹುಟ್ಟುವುದಿಲ್ಲ ಎಂದು ಪುಸ್ತಕದಲ್ಲಿ ಓದುತ್ತೇವೆ. ಹಾಗಾದರೆ ನನಗೆ ಬೆಲೆಯಿಲ್ಲದೆ ಸಿಕ್ಕಿದ ವಸ್ತುವಿನ ಬೆಲೆಯನ್ನು ಕೊಟ್ಟವರು ಯಾರು? ಈ ಪ್ರಶ್ನೆ ಕೇಳಲು ಕಲಿತರೆ ಯಾವ ಉಚಿತವನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು, ಯಾವುದನ್ನು ಮಿತವಾಗಿ ತೆಗೆದುಕೊಳ್ಳಬೇಕು, ಯಾವುದರಿಂದ ದೂರವಿರಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲು ಅಂಗಡಿಯ ಲೆಕ್ಕವನ್ನು ಬೇಗ ಮುಗಿಸೋಣ. ಅದು ಏಳನೇ ತರಗತಿಯ ಗಣಿತ. ‘ಶೇಕಡಾ 50 ರಿಯಾಯಿತಿ, ಅದರ ಮೇಲೆ ಮತ್ತೆ ಶೇಕಡಾ 20’ ಎಂಬ ಫಲಕ ಕಂಡರೆ ಶೇಕಡಾ 70 ಎಂದು ತಿಳಿಯಬೇಡಿ. ಸಾವಿರ ರೂಪಾಯಿ ಐನೂರಾಗುತ್ತದೆ. ಆ ಐನೂರರಲ್ಲಿ ಶೇಕಡಾ 20 ಕಳೆದರೆ ನಾನೂರು. ಅಂದರೆ ನಿಮಗೆ ಸಿಕ್ಕಿದ್ದು ಶೇಕಡಾ 60. ‘ಎರಡು ಕೊಂಡರೆ ಒಂದು ಉಚಿತ’ ಎಂಬುದು ಶೇಕಡಾ ಮೂವತ್ತಮೂರೂ ಚಿಲ್ಲರೆಯ ರಿಯಾಯಿತಿ, ಅದೂ ನಿಮಗೆ ಮೂರು ಬೇಕಾಗಿದ್ದರೆ ಮಾತ್ರ. ಒಂದೇ ಸಾಕಾಗಿದ್ದರೆ, ಒಂದರ ಜಾಗದಲ್ಲಿ ಎರಡರ ಹಣ ಕೊಟ್ಟು ಬಂದಿರಿ. ಪೊಟ್ಟಣದ ಮೇಲೆ ‘ಶೇಕಡಾ 20 ಹೆಚ್ಚು’ ಎಂದಿದ್ದರೆ ಬೆಲೆಯಲ್ಲಿ ಇಳಿದದ್ದು ಶೇಕಡಾ 20 ಅಲ್ಲ, ಸುಮಾರು ಹದಿನೇಳು. ಯಾಕೆಂದು ನೀವೇ ಮಾಡಿ ನೋಡಿ.

ಇನ್ನು ಗರಿಷ್ಠ ಚಿಲ್ಲರೆ ಬೆಲೆ, ಅಂದರೆ ಎಂ.ಆರ್.ಪಿ. ಇದರಲ್ಲಿ ‘ಗರಿಷ್ಠ’ ಎಂಬ ಪದವನ್ನು ನಾವು ಓದುವುದೇ ಇಲ್ಲ. ಅದಕ್ಕಿಂತ ಹೆಚ್ಚಿಗೆ ಮಾರಕೂಡದು ಎಂಬುದು ಕಾನೂನು, ಅಷ್ಟಕ್ಕೇ ಮಾರಬೇಕೆಂದಲ್ಲ. ಆ ಅಂಕಿಯನ್ನು ಅಚ್ಚು ಹಾಕುವವನು ತಯಾರಕನೇ. ಆದ್ದರಿಂದ ಅದರಿಂದ ಎಷ್ಟು ಕಳೆದರು ಎಂಬುದಕ್ಕಿಂತ, ಒಂದು ಕಿಲೋಗೆ ಅಥವಾ ಒಂದು ಲೀಟರಿಗೆ ಎಷ್ಟು ಬಿತ್ತು ಎಂದು ನೋಡುವುದು ಜಾಣತನ. ಈಚಿನ ವರ್ಷಗಳಲ್ಲಿ ಈ ಘಟಕ ದರವನ್ನೂ ಪೊಟ್ಟಣದ ಮೇಲೆ ಮುದ್ರಿಸುವ ನಿಯಮ ಬಂದಿದೆ. ಅಕ್ಷರ ಸಣ್ಣದು, ಹುಡುಕಬೇಕು.

ನಿಜವಾದ ರಿಯಾಯಿತಿ ಹುಟ್ಟುವುದು ಹೆಚ್ಚಾಗಿ ಒಟ್ಟಾಗಿ ಕೊಳ್ಳುವುದರಿಂದ. ಇದನ್ನು ಶಿರಸಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಅಡಿಕೆ ಬೆಳೆಗಾರರು ಕೂಡಿ ತಮ್ಮ ಮಾಲನ್ನು ಮಾರಲು ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯನ್ನು ಕಟ್ಟಿದ್ದು 1923ರಲ್ಲಿ. ಟಿ.ಎಸ್.ಎಸ್. ಎಂದು ಎಲ್ಲರೂ ಕರೆಯುವ ಆ ಸಂಘ ಮುಂದೆ ಸೂಪರ್ ಮಾರ್ಕೆಟನ್ನೂ ನಡೆಸಿತು. ಒಟ್ಟಾಗಿ ಮಾರುವವರು ಒಟ್ಟಾಗಿ ಕೊಳ್ಳಲೂಬಹುದು ಎಂಬುದೇ ಅದರ ಹಿಂದಿನ ವಿಚಾರ. ನಿಮ್ಮ ತರಗತಿಯ ಇಪ್ಪತ್ತು ಜನ ಸೇರಿ ನೋಟ್ ಪುಸ್ತಕಗಳನ್ನು ಡಜನ್ ಲೆಕ್ಕದಲ್ಲಿ ಸಗಟು ಅಂಗಡಿಯಿಂದ ತಂದರೆ ನೀವೂ ಒಂದು ಚಿಕ್ಕ ಸಹಕಾರ ಸಂಘವೇ. ಇಲ್ಲಿ ಬೆಲೆ ಇಳಿಯಲು ಕಾರಣ ಕಣ್ಣಿಗೆ ಕಾಣುತ್ತದೆ: ಅಂಗಡಿಯವನಿಗೆ ಇಪ್ಪತ್ತು ಸಲದ ಕೆಲಸ ಒಂದೇ ಸಲಕ್ಕೆ ಮುಗಿಯಿತು.

ಅಂಗಡಿಯನ್ನು ಇಲ್ಲಿಗೆ ಬಿಡೋಣ. ಬೆಲೆಯೇ ಇಲ್ಲದೆ ಸಿಗುವ ವಸ್ತುಗಳ ವಿಷಯಕ್ಕೆ ಬಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಿಗೆ ಹಳೆಯ ಅನುಭವವಿದೆ. ನಾನು ಬೆಳೆದದ್ದು ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ಮನೆಯಲ್ಲಿ ಮಳೆಗಾಲದ ಮಧ್ಯಾಹ್ನದ ಊಟಕ್ಕೆ ಪೇಟೆಯಿಂದ ಬರುತ್ತಿದ್ದುದು ಉಪ್ಪು ಮತ್ತು ಜೀರಿಗೆ, ಅಷ್ಟೇ ಎಂದರೂ ತಪ್ಪಾಗಲಾರದು. ಬಾವಿಕಟ್ಟೆಯ ಬದಿಯಲ್ಲಿ ಒಂದೆಲಗ, ಅಂಗಳದಾಚೆ ಚಗಟೆಯ ಕುಡಿ, ತೋಟದ ಕಾಲುವೆಯ ಅಂಚಿನಲ್ಲಿ ಕೆಸುವಿನ ಎಲೆ. ಒಂದು ಹಿಡಿ ಎಲೆ, ಒಂದಿಷ್ಟು ಕಾಯಿತುರಿ, ಮಜ್ಜಿಗೆ ಇದ್ದರೆ ತಂಬುಳಿ ಆಯಿತು. ನನ್ನನ್ನು ಒಂದೆಲಗ ಕೊಯ್ಯಲು ಕಳಿಸುವಾಗ ಅಮ್ಮಮ್ಮ ಪ್ರತಿ ಸಲವೂ ಹೇಳುತ್ತಿದ್ದ ಮಾತೊಂದಿತ್ತು: “ಬುಡ ಕೀಳಡ ತಮಾ, ಮುಂದಿನ ವಾರಕ್ಕೂ ಬೇಕು.” ಎಲೆ ಮಾತ್ರ ಚಿವುಟಬೇಕು, ಬಳ್ಳಿ ಅಲ್ಲೇ ಇರಬೇಕು. ಆಗ ಅದು ನನಗೆ ಬರಿಯ ಕಿರಿಕಿರಿ. ಬುಡಸಹಿತ ಎಳೆದರೆ ಕೆಲಸ ಬೇಗ ಮುಗಿಯುತ್ತಿತ್ತಲ್ಲ!

ಒಂದೆಲಗ ಸಣ್ಣ ಮಾತಾಯಿತು. ಇದೇ ಮಾತು ದೊಡ್ಡ ಪ್ರಮಾಣದಲ್ಲಿ ಕಾಣುವುದು ಸೊಪ್ಪಿನ ಬೆಟ್ಟದಲ್ಲಿ. ಬಯಲುಸೀಮೆಯ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಘಟ್ಟದ ಮೇಲಿನ ಈ ತಾಲೂಕುಗಳಲ್ಲಿ ಅಡಿಕೆ ತೋಟ ಇರುವುದು ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ. ತೋಟಕ್ಕೆ ಗೊಬ್ಬರ ಬೇಕು. ಗೊಬ್ಬರಕ್ಕೆ ಸೊಪ್ಪು, ದರಕು ಬೇಕು. ಅದಕ್ಕಾಗಿ ಬ್ರಿಟಿಷರ ಕಾಲದಿಂದ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಅರಣ್ಯವನ್ನು ‘ಬೆಟ್ಟ’ ಎಂದು ಬಿಟ್ಟುಕೊಡಲಾಗಿದೆ. ನೆಲ ಸರ್ಕಾರದ್ದು. ತೋಟದವನಿಗೆ ಇರುವುದು ಸೊಪ್ಪು, ದರಕು, ಹುಲ್ಲು, ಒಣ ಕಟ್ಟಿಗೆಗಳ ಬಳಕೆಯ ಸೌಲಭ್ಯ. ಸೊಪ್ಪನ್ನು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸುತ್ತಾರೆ. ಸೆಗಣಿ, ಗಂಜಳ ಸೇರಿ ಅದು ಗೊಬ್ಬರಗುಂಡಿಗೆ ಹೋಗುತ್ತದೆ, ಕಳಿತ ಮೇಲೆ ಅಡಿಕೆ ಮರದ ಬುಡಕ್ಕೆ ಬರುತ್ತದೆ. ಒಂದು ಚೀಲ ರಸಗೊಬ್ಬರಕ್ಕೂ ಹಣ ಕೊಡದೆ ತಲೆಮಾರುಗಟ್ಟಲೆ ತೋಟ ನಡೆದದ್ದು ಹೀಗೆ.

ಸೊಪ್ಪು ಬಿಟ್ಟಿ, ಸರಿ. ಹಾಗಾದರೆ ಬೆಲೆ ಕೊಟ್ಟವರು ಯಾರು? ಬೆಟ್ಟದ ಮಣ್ಣು. ಮರ ತನ್ನ ಬೇರುಗಳಿಂದ ಆಳದಲ್ಲಿರುವ ಪೊಟ್ಯಾಷ್, ಸುಣ್ಣ, ರಂಜಕ ಮುಂತಾದವನ್ನು ಮೇಲೆತ್ತಿ ಎಲೆಯಲ್ಲಿಡುತ್ತದೆ. ಎಲೆ ಅಲ್ಲೇ ಉದುರಿ ಕೊಳೆತರೆ ಅದು ಬೆಟ್ಟಕ್ಕೆ ಮರಳುತ್ತದೆ. ನಾವು ಅದನ್ನು ಹೊತ್ತು ತಂದರೆ ತೋಟಕ್ಕೆ ಬಂತು, ಬೆಟ್ಟದ ಖಾತೆಯಿಂದ ಹೋಯಿತು. ಮರಕ್ಕೆ ನಾಲ್ಕು ಹರೆ ಬಿಟ್ಟು ಸೊಪ್ಪು ಕಡಿದು, ಒಂದು ಭಾಗಕ್ಕೆ ವರ್ಷ ಬಿಟ್ಟು ವರ್ಷ ಹೋದರೆ ಬೆಟ್ಟ ಈ ಸಾಲವನ್ನು ತಡೆದುಕೊಳ್ಳುತ್ತದೆ. ವರ್ಷವೂ ಬೋಳಿಸಿ, ನೆಲದ ದರಕನ್ನೂ ಬಳಿದು ತಂದರೆ ಮಳೆಗೆ ಮೇಲ್ಮಣ್ಣು ಕೊಚ್ಚಿ ಹೋಗಿ ಕಲ್ಲು ಕಾಣುತ್ತದೆ. ಶಿರಸಿಯಿಂದ ಯಲ್ಲಾಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಬದಿಯಲ್ಲಿ ಕುಳಿತು ನೋಡಿ. ದಟ್ಟವಾದ ಬೆಟ್ಟವೂ ಕಾಣುತ್ತದೆ, ಬೋಳು ಬೆಟ್ಟವೂ ಕಾಣುತ್ತದೆ. ಇಬ್ಬರಿಗೂ ಸೊಪ್ಪು ಉಚಿತವಾಗಿಯೇ ಸಿಕ್ಕಿತ್ತು.

ಶಿರಸಿ ತಾಲೂಕಿನ ಸಾಲ್ಕಣಿಯ ಜನ 1983ರ ಸೆಪ್ಟೆಂಬರ್ 8ರಂದು ಕಳಾಸೆಯ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡು ನಿಂತದ್ದನ್ನು ನೀವು ಪಾಠದಲ್ಲಿ ಓದಿರಬಹುದು. ಅಪ್ಪಿಕೊ ಚಳವಳಿ ಹುಟ್ಟಿದ್ದು ಅಲ್ಲಿ. ಅದನ್ನು ಪರಿಸರಪ್ರೇಮ ಎಂದು ಮಾತ್ರ ಹೇಳಿ ಮುಗಿಸುವುದುಂಟು. ಆ ಜನರಿಗೆ ಕಾಡೆಂದರೆ ಸೊಪ್ಪು, ನೀರು, ಕಟ್ಟಿಗೆ ಕೊಡುವ ಉಗ್ರಾಣವೂ ಆಗಿತ್ತೆಂಬುದನ್ನು ಮರೆಯಬಾರದು. ಬೆಲೆಯಿಲ್ಲದೆ ಸಿಗುತ್ತಿದ್ದುದರ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇಲ್ಲಿಯದೇ ಇದೆ. ಉಪ್ಪಾಗೆ ನಮ್ಮ ಕಾಡಿನ ಹುಳಿ ಹಣ್ಣು. ಮಳೆಗಾಲದಲ್ಲಿ ಹಣ್ಣಾಗಿ ಉದುರುತ್ತದೆ. ಹಿಂದೆ ಬೇಕಾದವರು ಆರಿಸಿ ತಂದು, ಸಿಪ್ಪೆ ಒಣಗಿಸಿ ಹುಳಿಗೆ ಬಳಸುತ್ತಿದ್ದರು; ಬೀಜದಿಂದ ತುಪ್ಪದಂತಹ ಜಿಡ್ಡು ತೆಗೆಯುತ್ತಿದ್ದರು. 1990ರ ದಶಕದಲ್ಲಿ ಒಂದು ಸುದ್ದಿ ಬಂತು. ಉಪ್ಪಾಗೆ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಯಂತೆ, ಹೊರದೇಶದಲ್ಲಿ ಅದರ ಮಾತ್ರೆ ಮಾಡುತ್ತಾರಂತೆ! ವ್ಯಾಪಾರಿಗಳು ಬಂದರು, ದರ ಏರಿತು. ಬಿಟ್ಟಿ ಬಿದ್ದಿರುತ್ತಿದ್ದ ಹಣ್ಣಿಗೆ ಪೈಪೋಟಿ ಶುರುವಾಯಿತು. ಹಣ್ಣಾಗುವವರೆಗೆ ನಾನು ಕಾದರೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಭಯದಿಂದ ಕಾಯಿಯನ್ನೇ ಕೊಯ್ದರು. ಮರ ಹತ್ತುವುದು ಕಷ್ಟವೆಂದು ಹರೆಯನ್ನೇ ಕಡಿದರು. ಮಳೆಗಾಲದಲ್ಲಿ ಬಿಸಿಲೆಲ್ಲಿ? ಸಿಪ್ಪೆ ಒಣಗಿಸಲು ಒಲೆಗೆ ಗಾಡಿಗಟ್ಟಲೆ ಕಟ್ಟಿಗೆ ಹೋಯಿತು. ಆ ಕಟ್ಟಿಗೆಯೂ ಬಿಟ್ಟಿಯದೇ.

ಇತ್ತ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1998ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 135 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಆಮ್ಲದ ಔಷಧ, ಇನ್ನೊಂದಕ್ಕೆ ಏನೂ ಇಲ್ಲದ ಹುಸಿ ಮಾತ್ರೆ ಕೊಟ್ಟು 12 ವಾರ ನೋಡಿದರು. ಎರಡು ಗುಂಪಿನ ತೂಕ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಯಾರದೋ ಬೊಜ್ಜು ಕರಗಲಿಲ್ಲ, ಇಲ್ಲಿ ನಮ್ಮ ಮರದ ಹರೆ ಹೋಯಿತು. ಇದನ್ನು ಓದಿದಾಗ ನನಗೆ ನಗುವೂ ಬಂತು, ಸಂಕಟವೂ ಆಯಿತು. ನನ್ನ ಅಮ್ಮಮ್ಮನ ‘ಬುಡ ಕೀಳಡ’ ಎಂಬ ಮಾತು ನೆನಪಾದದ್ದೂ ಆಗಲೇ.

ಹಾಗೆಂದು ಬಿಟ್ಟಿಯ ವಸ್ತುವೆಲ್ಲ ಹೀಗೆ ಹಾಳಾಗುತ್ತದೆ ಎಂದು ತಿಳಿಯಬೇಕಾಗಿಲ್ಲ. ಗೋಬರ್ ಗ್ಯಾಸ್ ನೋಡಿ. ಸೆಗಣಿ ಕೊಟ್ಟಿಗೆಯಲ್ಲಿ ಇದ್ದೇ ಇದೆ. 1981-82ರಿಂದ ಕೇಂದ್ರ ಸರ್ಕಾರ ಗೋಬರ್ ಗ್ಯಾಸ್ ಯೋಜನೆಯಡಿ ಸಹಾಯಧನ ಕೊಡತೊಡಗಿತು. ಸಹಾಯಧನವೆಂದರೆ ಅದೂ ಒಂದು ರಿಯಾಯಿತಿಯೇ. ದೇಶದ ಬಹಳ ಕಡೆ ಸಹಾಯಧನಕ್ಕಾಗಿ ಕಟ್ಟಿದ ಗುಂಡಿಗಳು ಕೆಲವೇ ವರ್ಷಗಳಲ್ಲಿ ಪಾಳುಬಿದ್ದವು. ಶಿರಸಿಯಲ್ಲಿ ಹಾಗಾಗಲಿಲ್ಲ. ಇಲ್ಲಿಯ ಘಟಕಗಳ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಗಿದೆ. ಅವರು ಅದನ್ನು ಯಶಸ್ಸಿನ ಕತೆಯೆಂದೇ ಕರೆದಿದ್ದಾರೆ. ಕಟ್ಟಿಕೊಡುವವರ ನಡುವೆ ಪೈಪೋಟಿ ಇತ್ತು, ಕಟ್ಟಿದ ಮೇಲೆ ದುರಸ್ತಿಯ ಭರವಸೆ ಇತ್ತು, ಮನೆಯವರಿಗೂ ಅದು ಬೇಕಾಗಿತ್ತು. ರಿಯಾಯಿತಿಗಾಗಿ ಕಟ್ಟಿದ್ದಲ್ಲ, ಬೇಕಾಗಿದ್ದನ್ನು ರಿಯಾಯಿತಿಯಲ್ಲಿ ಕಟ್ಟಿದರು. ನನ್ನ ಕ್ಯಾಲ್ಕುಲೇಟರಿಗೂ ಇದಕ್ಕೂ ಇರುವ ಇನ್ನೊಂದು ಅಂತರವೆಂದರೆ, ಕೆಟ್ಟರೆ ಕೇಳಲು ಇಲ್ಲಿ ಒಬ್ಬ ಮೇಸ್ತ್ರಿ ಇದ್ದ. ಜಾತ್ರೆಯ ಅಂಗಡಿಯವನು ಮರುದಿನ ಯಾವ ಊರಿನಲ್ಲಿದ್ದನೋ!

ಇದರ ಲೆಕ್ಕವನ್ನು ಮಾಡಿ ನೋಡುವುದು ಸ್ವಾರಸ್ಯವಾಗಿದೆ. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸೆಗಣಿ ಬೇಕು. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಹೆಚ್ಚುಕಡಿಮೆ 0.45 ಕಿಲೋ ಅಡುಗೆ ಅನಿಲಕ್ಕೆ ಸಮ. ಹಾಗಾದರೆ ದಿನಕ್ಕೆ 0.9 ಕಿಲೋ ಆಯಿತು. ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ ಇರುತ್ತದೆ. ಭಾಗಿಸಿದರೆ ಸುಮಾರು ಹದಿನಾರು ದಿನಕ್ಕೆ ಒಂದು ಸಿಲಿಂಡರ್. ಚಳಿಗಾಲದಲ್ಲಿ ಅನಿಲ ಕಡಿಮೆ ಬರುತ್ತದೆ, ದನ ಕಡಿಮೆಯಾದರೆ ಇನ್ನೂ ಕಡಿಮೆ. ಅದನ್ನು ಬಿಟ್ಟುಕೊಂಡರೂ ಉಳಿತಾಯ ಸಣ್ಣದಲ್ಲ. ಮುಖ್ಯವಾದ ವಿಷಯ ಬೇರೆ ಇದೆ. ಸೆಗಣಿಯಿಂದ ಹೋಗುವುದು ಬಹುಪಾಲು ಇಂಗಾಲ ಮತ್ತು ಜಲಜನಕ, ಅಂದರೆ ಉರಿಯುವ ಮೀಥೇನ್. ಗಿಡಕ್ಕೆ ಬೇಕಾದ ಸಾರಜನಕ ಬಗ್ಗಡದಲ್ಲಿ ಉಳಿದುಕೊಳ್ಳುತ್ತದೆ. ಅದು ಮತ್ತೆ ತೋಟಕ್ಕೆ ಹೋಗುತ್ತದೆ. ಉರಿಯೂ ಸಿಕ್ಕಿತು, ಗೊಬ್ಬರವೂ ಹೋಗಲಿಲ್ಲ, ಬೆಟ್ಟದ ಕಟ್ಟಿಗೆಯೂ ಉಳಿಯಿತು. ಯಾರ ಖಾತೆಯಿಂದಲೂ ಹೆಚ್ಚು ತೆಗೆಯದ ಬಿಟ್ಟಿ ಎಂದು ಏನನ್ನಾದರೂ ಹೆಸರಿಸಿ ಎಂದರೆ ನಾನು ಇದನ್ನೇ ಹೆಸರಿಸುತ್ತೇನೆ.

ಕಾಡಿನಿಂದ ಈಗ ಪೇಟೆಗೆ ಬರೋಣ. ಸರ್ಕಾರ ಉಚಿತವಾಗಿ ಕೊಡುವ ಸೌಲಭ್ಯಗಳಿಗೂ ಬೆಲೆ ಕೊಡುವವರು ಇದ್ದೇ ಇದ್ದಾರೆ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಬಂತು. ಶಿರಸಿಗೆ ಬರುವ ಹಳ್ಳಿಯ ಹೆಣ್ಣುಮಕ್ಕಳಿಗೆ ಇದರಿಂದ ಕಾಲೇಜು ಹತ್ತಿರವಾಯಿತು. ನಿರ್ವಾಹಕರು ಅವರಿಗೆ ಶೂನ್ಯ ಬೆಲೆಯ ಒಂದು ಟಿಕೆಟ್ ಕೊಡುತ್ತಾರೆ. “ಹಣವೇ ಇಲ್ಲ, ಟಿಕೆಟ್ ಯಾಕೆ?” ಎಂದು ಕೇಳುವವರಿದ್ದಾರೆ. ಆ ಟಿಕೆಟ್ಟಿನ ಲೆಕ್ಕದ ಮೇಲೆಯೇ ಸರ್ಕಾರ ಸಾರಿಗೆ ನಿಗಮಕ್ಕೆ ಹಣ ತುಂಬಿಕೊಡಬೇಕು. ಕೈಯಲ್ಲಿ ಟಿಕೆಟ್ ಇಲ್ಲದೆ ಇಳಿದರೆ ನಿಮ್ಮ ಪ್ರಯಾಣ ಆ ಲೆಕ್ಕಕ್ಕೆ ಬರುವುದಿಲ್ಲ. ಗಂಡುಹುಡುಗರಿಗೆ ವಿದ್ಯಾರ್ಥಿ ರಿಯಾಯಿತಿ ಪಾಸ್ ಇದೆ; ಶಾಲೆ ಶುರುವಾದ ಕೂಡಲೇ ಅರ್ಜಿ ಹಾಕದೆ ಎರಡು ತಿಂಗಳು ಪೂರಾ ದರ ಕೊಟ್ಟು ಓಡಾಡುವವರು ಪ್ರತಿ ವರ್ಷವೂ ಇರುತ್ತಾರೆ.

ಗ್ರಂಥಾಲಯದ ಮಾತಂತೂ ಇನ್ನೂ ಸ್ಪಷ್ಟ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಅದರಂತೆ ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತಾರೆ. ನಿಮ್ಮ ಮನೆಯ ಕಂದಾಯದ ರಶೀದಿಯನ್ನು ಒಮ್ಮೆ ತೆಗೆದು ನೋಡಿ. ಅಂದರೆ ಗ್ರಂಥಾಲಯಕ್ಕೆ ಹೋಗದವನು ಹಣ ಕೊಟ್ಟು ಪುಸ್ತಕ ಬಿಟ್ಟು ಬಂದ ಗಿರಾಕಿ! ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಎಂಬ ಕಾರ್ಯಕ್ರಮ 2020ರ ನವೆಂಬರ್‌ನಲ್ಲಿ ಆರಂಭವಾಯಿತು. ಎನ್.ಸಿ.ಇ.ಆರ್.ಟಿ. ಪಠ್ಯಪುಸ್ತಕಗಳನ್ನು ಮೊಬೈಲಿನಲ್ಲಿಯೇ ಹಣವಿಲ್ಲದೆ ಇಳಿಸಿಕೊಳ್ಳಬಹುದು. ಐ.ಐ.ಟಿ. ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಪಾಠಗಳು ಎನ್.ಪಿ.ಟಿ.ಇ.ಎಲ್. ಎಂಬ ಯೋಜನೆಯಲ್ಲಿ ಉಚಿತವಾಗಿ ಸಿಗುತ್ತವೆ; ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವಿದೆ. ಪಾಠ ಬೇಕೋ, ಪತ್ರ ಬೇಕೋ ಎಂದು ನೀವೇ ತೀರ್ಮಾನಿಸಿ. ಪಠ್ಯಪುಸ್ತಕವನ್ನು ಮೇಲಿನ ತರಗತಿಯವರಿಂದ ಅರ್ಧ ಬೆಲೆಗೆ ಕೊಳ್ಳುವ ಹಳೆಯ ಪದ್ಧತಿಗಿಂತ ಉತ್ತಮವಾದದ್ದು ಇನ್ನೂ ಹುಟ್ಟಿಲ್ಲವೆಂಬುದು ನನ್ನ ಅಭಿಪ್ರಾಯ. ಅಂಚಿನಲ್ಲಿ ಅವರು ಬರೆದ ಟಿಪ್ಪಣಿಗೆ ಬೆಲೆ ಹಾಕುವುದಿಲ್ಲವಲ್ಲ!

ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಅವರ ಔಷಧಿಯ ಖರ್ಚನ್ನು ಗಮನಿಸಿ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಅಂಗಡಿಗಳಲ್ಲಿ ಅದೇ ರಾಸಾಯನಿಕದ ಮಾತ್ರೆ ಕಂಪನಿ ಹೆಸರಿನ ಮಾತ್ರೆಗಿಂತ ಬಹಳ ಅಗ್ಗಕ್ಕೆ ಸಿಗುತ್ತದೆ. ಜಾಹೀರಾತಿನ ಖರ್ಚು ಅದರಲ್ಲಿ ಇಲ್ಲದಿರುವುದು ಇದಕ್ಕೊಂದು ಕಾರಣ. ಔಷಧದ ಮೂಲ ಹೆಸರನ್ನು ಬರೆದುಕೊಡಿ ಎಂದು ವೈದ್ಯರನ್ನು ವಿನಯದಿಂದ ಕೇಳಬಹುದು. ಅವರನ್ನು ಕೇಳದೆ ನೀವೇ ಬದಲಾಯಿಸಬೇಡಿ.

ಉಚಿತ ಮನರಂಜನೆಯ ವಿಷಯದಲ್ಲಿ ನಾನು ಮಾತನಾಡಿದರೆ ನನ್ನ ಅನ್ನದ ಮೇಲೆಯೇ ಮಾತನಾಡಿದಂತಾಗುತ್ತದೆ. ದೂರದರ್ಶನದ ಡಿ.ಟಿ.ಎಚ್. ಸೇವೆ 2004ರಲ್ಲಿ ಆರಂಭವಾಯಿತು. ಇಂದಿಗೂ ಅದಕ್ಕೆ ತಿಂಗಳ ಶುಲ್ಕವಿಲ್ಲ. ಖರ್ಚಿನ ಒಂದು ಪಾಲು ಸರ್ಕಾರದ ಬೊಕ್ಕಸದಿಂದ ಬರುತ್ತದೆ, ಇನ್ನೊಂದು ಪಾಲು ಜಾಹೀರಾತಿನಿಂದ. ಹತ್ತು ಸೆಕೆಂಡಿನ ಜಾಹೀರಾತು ನೋಡಿದಾಗ ನೀವು ಕೊಟ್ಟದ್ದು ಹತ್ತು ಸೆಕೆಂಡು. ಮೊಬೈಲಿನಲ್ಲಿ ಸಿಗುವ ಉಚಿತ ಆಟಗಳಲ್ಲಿ ಕೊಡುವುದು ಇದಕ್ಕಿಂತ ಹೆಚ್ಚು: ನಿಮ್ಮ ಸಂಜೆ, ನಿಮ್ಮ ಫೋನ್ ನಂಬರು, ನೀವು ಎಲ್ಲೆಲ್ಲಿ ಓಡಾಡುತ್ತೀರಿ ಎಂಬ ಮಾಹಿತಿ. ಪರೀಕ್ಷೆಯ ಹಿಂದಿನ ತಿಂಗಳು ಈ ಸಂಜೆಗಳನ್ನು ಎಣಿಸಿ ನೋಡಿದರೆ ಬೆಲೆ ಗೊತ್ತಾಗುತ್ತದೆ.

ಕೊನೆಯದಾಗಿ, ನಾನು ಈ ಭಾಷಣಕ್ಕೆ ಒಪ್ಪಿಕೊಂಡ ಕಾರಣವನ್ನು ಹೇಳಬೇಕು. ಬಿ.ಎಸ್ಸಿ. ಓದುವಾಗ ಯಲ್ಲಾಪುರದ ಕಡೆಯ ಒಂದು ಹಳ್ಳಿಯಿಂದ ಬಂದ ಗೆಳೆಯನೊಬ್ಬನಿದ್ದ. ಅವನ ತಂದೆ ಪರರ ತೋಟದಲ್ಲಿ ಕೂಲಿಗೆ ಹೋಗುತ್ತಿದ್ದರು. ನನ್ನ ಕ್ಯಾಲ್ಕುಲೇಟರ್ ಹಾಳಾದ ದಿನಗಳಲ್ಲಿ ಲಾಗ್ ಕೋಷ್ಟಕ ನೋಡಿ ನನಗಿಂತ ಬೇಗ ಲೆಕ್ಕ ಮಾಡಿ ಕೊಡುತ್ತಿದ್ದವನು ಅವನೇ. ಎರಡನೇ ವರ್ಷದ ಶುಲ್ಕ ಕಟ್ಟುವ ಹೊತ್ತಿಗೆ ಅವನು ಬರಲಿಲ್ಲ. ಎಲ್ಲೋ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದನೆಂದು ಆಮೇಲೆ ತಿಳಿಯಿತು. ಅವನಂಥವರಿಗೆಂದೇ ಇದ್ದ ಒಂದು ವಿದ್ಯಾರ್ಥಿವೇತನದ ಪ್ರಕಟಣೆ ಕಾಲೇಜಿನ ಸೂಚನಾ ಫಲಕದಲ್ಲಿ ಮೂರು ವಾರ ಇತ್ತು. ಅದರ ಮೇಲೆ ಕ್ರೀಡಾಕೂಟದ ಕಾಗದವನ್ನು ಅರ್ಧ ಮುಚ್ಚುವಂತೆ ಚುಚ್ಚಿದ್ದರು. ನಾನು ಅದನ್ನು ಓದಿದ್ದೆ. ನನಗೆ ಅನ್ವಯಿಸುವುದಿಲ್ಲವೆಂದು ಮುಂದೆ ಹೋದೆ. ಅವನಿಗೆ ಗೊತ್ತಿರುತ್ತದೆಂದು ತಿಳಿದುಕೊಂಡೆ. ಅವನು ಎರಡು ಬಸ್ಸು ಬದಲಾಯಿಸಿ ಬಂದು, ತರಗತಿ ಮುಗಿದ ಕೂಡಲೇ ಓಡುವವನು. ಫಲಕದ ಮುಂದೆ ನಿಲ್ಲಲು ಅವನಿಗೆ ಪುರುಸೊತ್ತೆಲ್ಲಿತ್ತು? ಅರವತ್ತು ರೂಪಾಯಿಯ ರಿಯಾಯಿತಿಯನ್ನು ಊರಿಗೆಲ್ಲ ಸಾರಿದವನು ನಾನು, ಇದನ್ನು ಒಬ್ಬನಿಗೂ ಹೇಳಲಿಲ್ಲ.

ಈಗ ಅಂಥ ಅರ್ಜಿಗಳೆಲ್ಲ ಕಂಪ್ಯೂಟರಿನಲ್ಲಿವೆ. ರಾಜ್ಯದ್ದೊಂದು ಪೋರ್ಟಲ್, ಕೇಂದ್ರದ್ದೊಂದು ಪೋರ್ಟಲ್. ಎಂಟನೇ ತರಗತಿಯ ಓದುಗರು ಒಂದನ್ನು ಈಗಲೇ ಬರೆದಿಟ್ಟುಕೊಳ್ಳಿ. ಎನ್.ಎಂ.ಎಂ.ಎಸ್. ಎಂಬ ಕೇಂದ್ರದ ವಿದ್ಯಾರ್ಥಿವೇತನ 2008ರಲ್ಲಿ ಆರಂಭವಾದದ್ದು. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ ಎಂಟನೇ ತರಗತಿ ಓದುವವರು, ತಂದೆತಾಯಿಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರದಿದ್ದರೆ, ಅದರ ಪರೀಕ್ಷೆಗೆ ಕೂರಬಹುದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಪ್ರತಿ ವರ್ಷ ನವೀಕರಿಸಬೇಕು. ಮರೆತರೆ ಅಲ್ಲಿಗೆ ನಿಂತಿತು. ಬ್ಯಾಂಕಿನ ಖಾತೆ, ಆಧಾರ್, ಆದಾಯ ಪ್ರಮಾಣಪತ್ರ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ರೀತಿ ಇರಲಿ. ಅರ್ಜಿ ತಿರಸ್ಕಾರವಾಗುವುದು ಎಷ್ಟೋ ಸಲ ಇಂತಹ ಒಂದು ಅಕ್ಷರದಿಂದ.

ಆ ಗೆಳೆಯ ಕಳೆದ ವರ್ಷ ಹೇಗೋ ನನ್ನ ನಂಬರು ಹುಡುಕಿ ಫೋನ್ ಮಾಡಿದ್ದ. ಟಿ.ವಿ.ಯಲ್ಲಿ ಇರುವವನಿಗೆ ಎಲ್ಲ ಗೊತ್ತಿರುತ್ತದೆಂದು ಅವನ ನಂಬಿಕೆ. “ಮಾರಾಯಾ, ಮಗಳು ಎಂಟನೆತ್ತೆಯಲ್ಲಿದ್ದಾಳೆ. ಯಾವುದೋ ಪರೀಕ್ಷೆ ಇದೆಯಂತಲ್ಲ, ಅರ್ಜಿಗೆ ಕೊನೆಯ ದಿನ ಯಾವಾಗ?” ಎಂದು ಕೇಳಿದ. ಇನ್ನೂ ಹನ್ನೊಂದು ದಿನ ಉಳಿದಿತ್ತು.